ಬರೆಯದೇ ಬಿಟ್ಟದ್ದಕ್ಕೂ ಒಂದು ನೋಟ್‌ಬುಕ್: ನನ್ನ ಅನುಭವ

ನಾದಾಬ, ಅಬೀಹು ಇಬ್ಬರೂ ಸೇರಿ ನನ್ನನ್ನು ಹೆಚ್ಚುಕಡಿಮೆ ಐದು ವರ್ಷ ಅಡ್ಡದಾರಿ ಹಿಡಿಸಿದರು. ತಪ್ಪು ಅವರದಲ್ಲ ಬಿಡಿ, ನನ್ನದೇ. ಬೈಬಲ್‌ನ ಯಾಜಕಕಾಂಡ 10ನೇ ಅಧ್ಯಾಯದಲ್ಲಿ, ಮೋಶೆಯ ಕಾಲದ ಈ ಇಬ್ಬರು ಯಾಜಕರು ದೇವರು ಹೇಳದ ಬೆಂಕಿಯನ್ನು ಆತನ ಮುಂದೆ ತಂದು, ಆತನಿಂದ ಬಂದ ಬೆಂಕಿಗೇ ಸುಟ್ಟು ಸತ್ತರು. ದೇವರು ಅಪ್ಪಣೆ ಕೊಡದ ಬೆಂಕಿ ಎಂಬ ಆ ಒಂದು ಮಾತನ್ನು ಹಿಡಿದುಕೊಂಡು, ಬೈಬಲ್ ಹೇಳದೇ ಇದ್ದದ್ದೆಲ್ಲ ಮಾಡಬಾರದ್ದು ಎಂದು ನಾನು ಕಲಿಸುತ್ತಿದ್ದೆ.

ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಹಾಡಿಗೆ ಕೀಬೋರ್ಡ್ ಇಡೋಣವೇ ಎಂದು ಹುಡುಗರು ಕೇಳಿದರು. ಹೊಸ ಒಡಂಬಡಿಕೆಯಲ್ಲಿ ಎಲ್ಲಿದೆ ತೋರಿಸಿ ಎಂದೆ. ವಾದ್ಯಗಳಿಂದ ದೇವರನ್ನು ಸ್ತುತಿಸಿ ಎನ್ನುವ ಕೀರ್ತನೆ 150ನ್ನು ಅವರು ತೋರಿಸಿದರು. ಅದು ಯೇಸುವಿಗೂ ಹಿಂದಿನ ಹಳೆಯ ಒಡಂಬಡಿಕೆ, ನಡೆಯೋದಿಲ್ಲ ಎಂದೆ. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, "ಅಣ್ಣಾ, ನಾದಾಬ ಅಬೀಹು ಯಾವ ಒಡಂಬಡಿಕೆಯವರು?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ. ನಾನು ಮೈಕ್ ಹಿಡಿದೇ ಮಾತಾಡುತ್ತಿದ್ದೆ. ಹೊಸ ಒಡಂಬಡಿಕೆಯಲ್ಲಿ ಮೈಕ್ ಎಲ್ಲಿದೆ ಎಂದು ಅವಳು ಕೇಳಲಿಲ್ಲ, ಅಷ್ಟು ಮರ್ಯಾದೆ ಉಳಿಸಿದಳು.

ಮನೆಗೆ ಹೋಗಿ ಕೂತು ನೋಡಿದರೆ ನನ್ನ ನಿಯಮ ಯೇಸುವಿಗೇ ಹೊಂದುತ್ತಿರಲಿಲ್ಲ. ಲೂಕ 4ರಲ್ಲಿ ಆತನು ವಾಡಿಕೆಯಂತೆ ಯೆಹೂದ್ಯರು ಪ್ರಾರ್ಥನೆಗೆ ಸೇರುವ ಸಭಾಮಂದಿರಕ್ಕೆ ಹೋಗುತ್ತಾನೆ. ಸಭಾಮಂದಿರ ಕಟ್ಟಿ ಎಂದು ಮೋಶೆಯ ಧರ್ಮಶಾಸ್ತ್ರದಲ್ಲಿ ಎಲ್ಲೂ ಇಲ್ಲ. ಯೋಹಾನ 10:22ರಲ್ಲಿ ಪ್ರತಿಷ್ಠೆಯ ಹಬ್ಬದ ಹೊತ್ತಿಗೆ ದೇವಾಲಯದಲ್ಲಿ ಅಡ್ಡಾಡುತ್ತಿದ್ದಾನೆ. ಆ ಹಬ್ಬವನ್ನೂ ಮೋಶೆ ಕೊಟ್ಟಿದ್ದಲ್ಲ. ಇನ್ನು ಐಗುಪ್ತದ ಬಿಡುಗಡೆಯನ್ನು ನೆನೆಯುವ ಪಸ್ಕದ ಊಟ. ವಿಮೋಚನಕಾಂಡ 12ರಲ್ಲಿ ಕುರಿಮರಿ ಇದೆ, ಹುಳಿಯಿಲ್ಲದ ರೊಟ್ಟಿ ಇದೆ, ಕಹಿ ಸೊಪ್ಪು ಇದೆ. ದ್ರಾಕ್ಷಾರಸದ ಪಾತ್ರೆ ಇಲ್ಲ. ಕಡೆಯ ರಾತ್ರಿ ಆತನು ಕೈಗೆತ್ತಿಕೊಂಡದ್ದು ಅದೇ ಪಾತ್ರೆಯನ್ನು! ನನ್ನ ನಿಯಮ ಸರಿಯಾಗಿದ್ದರೆ, ಆ ರಾತ್ರಿಯ ನೆನಪಿಗೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವೇ ಇರುತ್ತಿರಲಿಲ್ಲ.

ಈ ಜಗಳ ಹೊಸದಲ್ಲ. ಸುಮಾರು ಕ್ರಿ.ಶ. 211ರಲ್ಲಿ ರೋಮ್ ಸೈನ್ಯದ ಒಬ್ಬ ಕ್ರೈಸ್ತ ಸಿಪಾಯಿ ತಲೆಗೆ ಹೂಮಾಲೆಯ ಕಿರೀಟ ಹಾಕಿಕೊಳ್ಳಲು ಒಪ್ಪದೇ ಹೋದಾಗ, ಹಾಕಬಾರದು ಎಂದು ಎಲ್ಲಿ ಬರೆದಿದೆ ಎಂದು ಕ್ರೈಸ್ತರೇ ಕೇಳಿದರಂತೆ. ಹಾಕಬೇಕು ಎಂದು ಎಲ್ಲಿ ಬರೆದಿದೆ ಎಂದು ಆ ಕಾಲದ ಕ್ರೈಸ್ತ ಲೇಖಕ ತೆರ್ತುಲ್ಯಾನ ತಿರುಗಿಸಿ ಕೇಳಿದ. ಮಜಾ ಏನೆಂದರೆ, ದೀಕ್ಷಾಸ್ನಾನದಲ್ಲಿ ಮೂರು ಸಲ ಮುಳುಗಿಸುವುದೂ ಬರೆದಿಲ್ಲ, ಆದರೂ ಮಾಡುತ್ತೇವಲ್ಲ ಎಂದು ಅದೇ ಬರಹದಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ. ಎರಡು ದೋಣಿಯಲ್ಲಿ ಎರಡು ಕಾಲು. ಹದಿನಾರನೇ ಶತಮಾನದಲ್ಲಿ ಪ್ರೊಟೆಸ್ಟೆಂಟರು ಕಥೋಲಿಕ ಸಭೆಯಿಂದ ಬೇರೆಯಾದ ಸುಧಾರಣೆಯ ಕಾಲದಲ್ಲಿ, ಸುಧಾರಕ ಜ್ವಿಂಗ್ಲಿಯ ಜೂರಿಕ್‌ನಲ್ಲಿ ಆರ್ಗನ್‌ಗಳು ನಿಂತುಹೋದವು. ಇನ್ನೊಬ್ಬ ಸುಧಾರಕ ಲೂಥರನ ಕಡೆಯವರು ಇಟ್ಟುಕೊಂಡರು. 1809ರಲ್ಲಿ ಅಮೆರಿಕದಲ್ಲಿ ಥಾಮಸ್ ಕ್ಯಾಂಪ್‌ಬೆಲ್ ಎಂಬ ಬೋಧಕ, ಬೈಬಲ್ ಮಾತಾಡುವ ಕಡೆ ನಾವೂ ಮಾತಾಡುತ್ತೇವೆ, ಅದು ಮೌನವಾಗಿರುವ ಕಡೆ ನಾವೂ ಮೌನ ಎಂದ. ಎಲ್ಲರೂ ಒಂದಾಗಲಿ ಎಂದು ಹೇಳಿದ ಮಾತು. ಆ ಮೌನದ ಅರ್ಥ ಏನು ಎಂದೇ ಜಗಳವಾಗಿ, ಸಂಗೀತ ವಾದ್ಯಗಳ ವಿಷಯವೂ ಅದಕ್ಕೆ ಸೇರಿ, 1906ರ ಅಲ್ಲಿನ ಧಾರ್ಮಿಕ ಗಣತಿಯ ಹೊತ್ತಿಗೆ ಅವನ ದಾರಿ ಹಿಡಿದವರು ಎರಡು ಬೇರೆ ಪಂಗಡಗಳಾಗಿ ಲೆಕ್ಕಕ್ಕೆ ಬಂದರು.

ಇಷ್ಟು ಓದಿದ ಮೇಲೆ ನಾನು ಮಾಡಿದ್ದೇನು? ಪೂರ್ತಿ ಆಚೆ ದಡಕ್ಕೆ ಹಾರಿದೆ. ಬೈಬಲ್ ಬೇಡ ಎನ್ನದೇ ಇದ್ದದ್ದಕ್ಕೆಲ್ಲ ಅನುಮತಿ ಇದೆ ಎಂದು ಕಲಿಸತೊಡಗಿದೆ. ಇದು ಎಲ್ಲರಿಗೂ ಇಷ್ಟವಾಯಿತು. ನನ್ನ ಬೈಬಲ್ ಪಾಠದ ಕೂಟಕ್ಕೆ ಬರುವವರು ಜಾಸ್ತಿಯಾದರು. ಕೀಬೋರ್ಡೂ ಬಂತು.

ಆ ಜಾಸ್ತಿಯಾದವರಲ್ಲಿ ಒಬ್ಬರು ಒಂದು ಹಣದ ಯೋಜನೆ ತಂದರು. ಕಟ್ಟಿದ ದುಡ್ಡು ಒಂದೂವರೆ ವರ್ಷದಲ್ಲಿ ಎರಡರಷ್ಟು. ನನಗೆ ಸ್ವಲ್ಪ ಅನುಮಾನ ಬಂತು, ಸುಳ್ಳು ಹೇಳುವುದಿಲ್ಲ. ಅವರು ನನ್ನ ಪಾಠವನ್ನೇ ನನಗೆ ಒಪ್ಪಿಸಿದರು: "ಇಂಥದ್ದರಲ್ಲಿ ದುಡ್ಡು ಹಾಕಬಾರದು ಎಂದು ಬೈಬಲ್‌ನಲ್ಲಿ ಎಲ್ಲಿದೆ, ಬ್ರದರ್?" ನಾನು ಬಾಯಿ ಮುಚ್ಚಿಕೊಂಡೆ. ನನ್ನ ಮೂರು ತಿಂಗಳ ಸಂಬಳ ಹೋಯಿತು. ನಮ್ಮ ಕೂಟದ ಇನ್ನೂ ಏಳೋ ಎಂಟೋ ಜನರದೂ ಹೋಯಿತು. ಅದರಲ್ಲಿ ಒಬ್ಬರು ನಿವೃತ್ತಿಯ ದುಡ್ಡಿನಿಂದ ಕಟ್ಟಿದ್ದರು. ಅವರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಬೇಗ ಐಶ್ವರ್ಯವಂತನಾಗಲು ಆತುರಪಡುವವನು ದಂಡನೆ ತಪ್ಪಿಸಿಕೊಳ್ಳನು ಎಂದು ಜ್ಞಾನೋಕ್ತಿ 28:20ರಲ್ಲೇ ಇದೆ. ಆತುರದಲ್ಲಿ ಬಂದ ದುಡ್ಡು ಕರಗುತ್ತದೆ ಎಂಬ ಮಾತು 13ನೇ ಅಧ್ಯಾಯದಲ್ಲಿದೆ. ಬೈಬಲ್ ಸುಮ್ಮನಿರಲಿಲ್ಲ. ನಾನು ಓದಿರಲಿಲ್ಲ, ಅಷ್ಟೇ.

ಆಮೇಲಿನ ಖರ್ಚು ಪುಸ್ತಕಗಳದ್ದು. ಇಷ್ಟು ದಿನ ತಪ್ಪಾಗಿದ್ದು ನನ್ನ ಓದು ಕಮ್ಮಿ ಇದ್ದದ್ದಕ್ಕೆ ಎಂದುಕೊಂಡು ಬೈಬಲ್ ವ್ಯಾಖ್ಯಾನಗಳ ಒಂದು ದೊಡ್ಡ ಸೆಟ್ ತರಿಸಿದೆ, ಕಂತಿನಲ್ಲಿ. ಒಂದು ಬೈಬಲ್ ಸಾಫ್ಟ್‌ವೇರ್‌ಗೆ ಎರಡು ವರ್ಷ ಚಂದಾ ಕಟ್ಟಿದೆ. ಎಲ್ಲ ಸೇರಿ ಒಂದೂವರೆ ತಿಂಗಳ ಸಂಬಳ ಆಗಿರಬೇಕು. ಮನೆಯವಳಿಗೆ ಅರ್ಧದಷ್ಟೇ ಲೆಕ್ಕ ಹೇಳಿದ್ದೆ. ಆ ವ್ಯಾಖ್ಯಾನಕಾರರು ಪಂಡಿತರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೈಬಲ್ ವಚನ ಮಾತಾಡುವ ಕಡೆ ಒಂದೇ ಮಾತು ಹೇಳುವ ನಾಲ್ಕು ಜನ, ವಚನ ಸುಮ್ಮನಾದ ಕೂಡಲೇ ನಾಲ್ಕು ದಿಕ್ಕಿಗೆ ಹೊರಟುಬಿಡುತ್ತಾರೆ. ಹೊಸ ಒಡಂಬಡಿಕೆಯ ಹಲವು ಪತ್ರಗಳನ್ನು ಬರೆದ ಅಪೊಸ್ತಲ (ಯೇಸುವಿನ ಸಂದೇಶ ಸಾರಲು ಹೊರಟವ) ಪೌಲ ತನ್ನ ಶರೀರದಲ್ಲಿ ಒಂದು ಶೂಲ ನಾಟಿದೆ ಎನ್ನುತ್ತಾನೆ, ಏನೆಂದು ಹೇಳುವುದಿಲ್ಲ. ಇವರ ಕೈಯಲ್ಲಿ ಅದು ಕಣ್ಣಿನ ರೋಗ, ಚಳಿಜ್ವರ, ಮೂರ್ಛೆ, ಕಿರುಕುಳ ಕೊಡುವ ಮನುಷ್ಯರು, ಏನು ಬೇಕಾದರೂ ಆಗುತ್ತದೆ. ಸೆಟ್ಟಿನಲ್ಲಿ ಈಗ ಮೂರು ಸಂಪುಟ ಮಾತ್ರ ತೆಗೆಯುತ್ತೇನೆ. ಯಾವುವು ಎಂದು ಕೇಳಬೇಡಿ.

ನನ್ನ ದಾರಿ ಸಿಕ್ಕಿದ್ದು ಕೆಲಸದ ಮೇಜಿನ ಮೇಲೆ. ನಾನು ಲೆಕ್ಕಪತ್ರ ನೋಡುವವನು. ಒಂದು ದಿನ ಒಂದು ವೋಚರ್ ಕಾಣಲಿಲ್ಲ. ಹೊಸದಾಗಿ ಸೇರಿದ ಹುಡುಗ, ವೋಚರ್ ಇಲ್ಲ ಅಂದರೆ ಖರ್ಚೇ ಆಗಿಲ್ಲ ಸರ್ ಎಂದ. ಪಕ್ಕದಲ್ಲಿದ್ದವರು, ವೋಚರ್ ಇಲ್ಲ ಅಂದರೆ ಯಾರೋ ನುಂಗಿದ್ದಾರೆ ಎಂದರು. ನಾನು ಇಬ್ಬರಿಗೂ ಬೈದೆ. "ಮೊದಲು ಫೈಲೆಲ್ಲ ಹುಡುಕಿ. ಆಮೇಲೆ ಆ ಖರ್ಚಿಗೆ ವೋಚರ್ ಇರಲೇಬೇಕಿತ್ತಾ, ಅದನ್ನು ನೋಡಿ. ಇರಬೇಕಾದ ಕಡೆ ಇಲ್ಲದಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ." ಹೇಳಿ ಮುಗಿಸಿದವನು ಹಾಗೇ ಕೂತುಬಿಟ್ಟೆ. ಇಪ್ಪತ್ತು ವರ್ಷದಿಂದ ಕಾಗದದ ಮೌನವನ್ನು ಓದಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಬೈಬಲ್ ಮುಂದೆ ಕೂತಾಗ ಮಾತ್ರ ಆ ಹೊಸ ಹುಡುಗನ ಹಾಗೆ ಆಡುತ್ತಿದ್ದೆನಲ್ಲ!

ಅವತ್ತೇ ಸಂಜೆ ಒಂದು ಉದ್ದದ ನೋಟ್‌ಬುಕ್ ತೆಗೆದು ಗೆರೆ ಹಾಕಿದೆ. ಮೊದಲು ಮೂರು ಖಾನೆ, ಆಮೇಲೆ ನಾಲ್ಕು. ಕಂಪ್ಯೂಟರಿನಲ್ಲೂ ಮಾಡಿ ನೋಡಿದೆ, ಆಗಲಿಲ್ಲ. ಅಲ್ಲಿ ಅಳಿಸಿದ್ದು ಕಾಣುವುದಿಲ್ಲ. ನಾನು ಹೊಡೆದುಹಾಕಿದ ಊಹೆಗಳು ಕಣ್ಣಿಗೆ ಬೀಳುತ್ತಿರಬೇಕು. ಬಣ್ಣದ ಪೆನ್ನಿನ ಪ್ರಯೋಗವೂ ಒಂದು ತಿಂಗಳು ನಡೆಯಿತು. ಪುಟ ಚೆಂದ ಕಂಡಿತು, ಬುದ್ಧಿ ಬರಲಿಲ್ಲ.

ಮೊದಲ ಖಾನೆ: ನಿಜವಾಗಲೂ ಸುಮ್ಮನಿದೆಯಾ? ಅರ್ಧಕ್ಕರ್ಧ ಪ್ರಶ್ನೆಗಳು ಇಲ್ಲೇ ಸತ್ತುಹೋಗುತ್ತವೆ. ನನ್ನ ಮೂರು ತಿಂಗಳ ಸಂಬಳ ಉಳಿಯುತ್ತಿದ್ದದ್ದು ಈ ಖಾನೆಯಲ್ಲೇ. ಕೆಲವು ಸಲ ಉಲ್ಟಾ ಆಗುತ್ತದೆ. ಆದಿಕಾಂಡ 4:8ರ ಇಬ್ರಿಯ ಮೂಲದಲ್ಲಿ ಆದಾಮನ ಮಗ ಕಾಯಿನನು ತಮ್ಮನಿಗೆ ಹೇಳಿದನು ಎಂದಿದೆ, ಏನು ಹೇಳಿದ ಎಂದಿಲ್ಲ. ಮಾತು ಅಲ್ಲೇ ತುಂಡಾಗಿ ನೇರ ಹೊಲಕ್ಕೆ, ಕೊಲೆಗೆ ಹೋಗುತ್ತದೆ. ಹೊಲಕ್ಕೆ ಹೋಗೋಣ ಬಾ ಎಂಬ ಮಾತು ಹಳೆಯ ಗ್ರೀಕ್ ಅನುವಾದದಲ್ಲಿದೆ. ನೀವು ಓದುವ ಬೈಬಲ್‌ನಲ್ಲಿ ಆ ಮಾತು ಇದ್ದರೆ, ಮೌನವನ್ನು ಯಾರೋ ಆಗಲೇ ತುಂಬಿಕೊಟ್ಟಿದ್ದಾರೆ. ಅಡಿಟಿಪ್ಪಣಿ ನೋಡದೆ ಈ ಖಾನೆಗೆ ಸರಿ ಎಂದು ಗುರುತು ಹಾಕಬೇಡಿ.

ಎರಡನೆಯದು: ಹೇಳುವ ಸಂದರ್ಭ ಇತ್ತಾ? ನನ್ನ ಇಡೀ ವಿಧಾನದ ಬೆನ್ನೆಲುಬು ಇದೇ. ಬರೆದವನಿಗೆ ಆ ಮಾತು ಗೊತ್ತಿತ್ತು, ಹೇಳಿದ್ದರೆ ಅವನ ವಾದಕ್ಕೆ ಅನುಕೂಲವಿತ್ತು, ಜಾಗವೂ ಇತ್ತು, ಆದರೂ ಹೇಳಲಿಲ್ಲ ಎಂದರೆ ಆ ಮೌನಕ್ಕೆ ತೂಕ ಜಾಸ್ತಿ. ಸಂದರ್ಭವೇ ಇಲ್ಲದಿದ್ದರೆ ತೂಕ ಸೊನ್ನೆ. ಕಾಯಿನನ ಹೆಂಡತಿ ಯಾರು ಎಂದು ಗಂಟೆಗಟ್ಟಲೆ ಹೊಡೆದಾಡುತ್ತಾರೆ. ಆ ಅಧ್ಯಾಯಕ್ಕೆ ಅದು ಬೇಕೇ ಇರಲಿಲ್ಲ. ನಾನು ಸೊನ್ನೆಯಿಂದ ಮೂರರವರೆಗೆ ಅಂಕ ಹಾಕುತ್ತೇನೆ. ಅಂಕ ಹಾಕುವ ಮೊದಲು ಒಂದು ಕೆಲಸ ಮಾಡುತ್ತೇನೆ, ಅದು ಇಲ್ಲಿ ಬರೆಯುವಂಥದ್ದಲ್ಲ. ಜೊತೆಗೆ ಕೂತವರಿಗೆ ಗೊತ್ತು.

ಮೂರನೆಯದು: ಒಂದನ್ನು ಹೇಳಿದ್ದರಿಂದ ಇನ್ನೊಂದು ಹೊರಗೆ ಬಿತ್ತಾ? ಇಬ್ರಿಯರಿಗೆ 7:14 ಇದಕ್ಕೆ ಮಾದರಿ. ಯೇಸು ಹುಟ್ಟಿದ ಯೆಹೂದ ಕುಲದಲ್ಲಿ ಯಾಜಕರಿರುವ ವಿಷಯ ಮೋಶೆ ಏನೂ ಹೇಳಲಿಲ್ಲ. ಆ ಪತ್ರಿಕೆಯ ಲೇಖಕ ಈ ಮೌನವನ್ನು ಬೇಡ ಎಂದೇ ಓದುತ್ತಾನೆ, ಏಕೆಂದರೆ ಯಾಜಕರು ಲೇವಿ ಕುಲದವರು ಎಂದು ಸ್ಪಷ್ಟವಾಗಿ ಬರೆದಾಗಿದೆ. ಬರೀ ಮೌನದ ಬಲದಿಂದಲ್ಲ, ಪಕ್ಕದಲ್ಲಿರುವ ಮಾತಿನ ಬಲದಿಂದ. ಇದಕ್ಕೆ ಎದುರಾಗಿ ಎರಡನೆಯ ಸಮುವೇಲ 7 ಇಟ್ಟು ನೋಡಿ. ನನಗೆ ದೇವದಾರು ಮರದ ಮನೆ ಏಕೆ ಕಟ್ಟಲಿಲ್ಲ ಎಂದು ಯಾವತ್ತಾದರೂ ಕೇಳಿದ್ದೇನಾ ಎಂದು ದೇವರು ಅರಸ ದಾವೀದನಿಗೆ ಹೇಳಿ ಕಳಿಸುತ್ತಾನೆ. ಕೇಳಿರಲಿಲ್ಲ. ಆದರೂ ದೇವಾಲಯ ಕಟ್ಟುವ ಆ ಯೋಚನೆ ನಿನ್ನ ಮನಸ್ಸಿನಲ್ಲಿ ಬಂದದ್ದು ಒಳ್ಳೆಯದೇ ಎಂದು ದೇವರು ಹೇಳಿದ್ದಾಗಿ ಒಂದನೆಯ ಅರಸುಗಳು 8:18ರಲ್ಲಿದೆ. ಅಪ್ಪಣೆ ಇಲ್ಲದ ಬಯಕೆ ಒಂದು ಕಡೆ ಬೆಂಕಿಗೆ ಆಹುತಿ, ಇನ್ನೊಂದು ಕಡೆ ಬೆನ್ನು ತಟ್ಟುವಿಕೆ. ನಾದಾಬನ ಒಂದು ಪುಟ ಹರಿದು ಎಲ್ಲದಕ್ಕೂ ಅಂಟಿಸಿದ್ದೆನಲ್ಲ, ನಾನು ಎಂಥ ಲೆಕ್ಕಿಗ!

ನಾಲ್ಕನೆಯದು: ತುಂಬಿದರೆ ಲಾಭ ಯಾರಿಗೆ, ನಷ್ಟ ಯಾರಿಗೆ? ಇದನ್ನು ಸೇರಿಸಲು ನನಗೆ ಒಂದು ವರ್ಷ ಹಿಡಿಯಿತು. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳಿಂದ ಕಲಿತದ್ದು. ಅವಳಿಂದ ಏಳು ದೆವ್ವಗಳು ಹೋಗಿದ್ದವು ಎಂದು ಲೂಕ 8:2 ಹೇಳುತ್ತದೆ. ಅದರ ಹಿಂದಿನ ಅಧ್ಯಾಯದಲ್ಲಿ ಹೆಸರಿಲ್ಲದ ಒಬ್ಬ ಪಾಪಿ ಹೆಂಗಸು ಬರುತ್ತಾಳೆ. ಹೆಸರು ಹೇಳದೇ ಬಿಟ್ಟ ಆ ಜಾಗಕ್ಕೆ 591ರಲ್ಲಿ ಪೋಪ್ ಒಂದನೇ ಗ್ರೆಗೊರಿ ಒಂದು ಪ್ರಸಂಗದಲ್ಲಿ ಮರಿಯಳನ್ನು ತಂದು ಕೂರಿಸಿದರು. ಪಶ್ಚಿಮದ ಸಭೆಯಲ್ಲಿ ಅವಳು ಸಾವಿರ ವರ್ಷಕ್ಕೂ ಜಾಸ್ತಿ ವೇಶ್ಯೆಯಾಗಿಯೇ ಉಳಿದಳು. ಕಥೋಲಿಕ ಸಭೆ ಪಂಚಾಂಗದಲ್ಲಿ ಅದನ್ನು ಸರಿಮಾಡಿದ್ದು 1969ರಲ್ಲಿ. ಪ್ರಸಂಗಕ್ಕೆ ಒಂದು ಒಳ್ಳೆಯ ಉದಾಹರಣೆ ಸಿಕ್ಕಿತು, ಬೆಲೆ ಕಟ್ಟಿದವಳು ಅವಳು.

ಐದನೇ ಖಾನೆಯೂ ಒಂದಿದೆ. ಅದು ನನಗೂ ನೋಟ್‌ಬುಕ್ಕಿಗೂ ಸೇರಿದ್ದು.

ಕೊನೆಗೆ ಉತ್ತರ ಹೇಳುವ ರೀತಿಯನ್ನು ಪೌಲನಿಂದ ಎತ್ತಿಕೊಂಡೆ. ಕೊರಿಂಥ ಊರಿನ ಸಭೆಗೆ ಬರೆದ ಪತ್ರದಲ್ಲಿ, ಒಂದನೆಯ ಕೊರಿಂಥ 7ರಲ್ಲಿ, ಅವನು ಒಂದು ಕಡೆ ಇದು ನನ್ನ ಮಾತಲ್ಲ, ಕರ್ತನ ಅಪ್ಪಣೆ ಎನ್ನುತ್ತಾನೆ. ಎರಡು ವಚನ ದಾಟಿ, ಇದನ್ನು ಹೇಳುವವನು ಕರ್ತನಲ್ಲ, ನಾನು ಎನ್ನುತ್ತಾನೆ. 25ನೇ ವಚನದಲ್ಲಿ ಕರ್ತನ ಅಪ್ಪಣೆ ನನಗಿಲ್ಲ, ನನ್ನ ಅಭಿಪ್ರಾಯ ಹೇಳುತ್ತೇನೆ ಎನ್ನುತ್ತಾನೆ. ಅಪೊಸ್ತಲನೇ ಎರಡು ಲೇಬಲ್ ಇಟ್ಟುಕೊಂಡಿದ್ದ. ನಾನು ಒಂದೇ ಲೇಬಲ್ ಅಂಟಿಸಿಕೊಂಡು ಓಡಾಡುತ್ತಿದ್ದೆ.

ನಮ್ಮ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. "ವಾಕ್ಯಕ್ಕೆ ಗೆರೆ ಎಳೆದು ಅಂಕ ಹಾಕುತ್ತೀಯಲ್ಲ, ನೀನೇನು ಪರೀಕ್ಷೆ ಪೇಪರ್ ತಿದ್ದುತ್ತಿದ್ದೀಯಾ?" ಎಂದರು. ನಾನು ವಾಕ್ಯಕ್ಕೆ ಅಂಕ ಹಾಕುತ್ತಿಲ್ಲ, ನಮ್ಮ ಊಹೆಗೆ ಹಾಕುತ್ತಿದ್ದೇನೆ ಎಂದೆ. ಅವರು ಒಪ್ಪಲಿಲ್ಲ. ಸಭೆಯ ಪಾದ್ರಿ ಅಯ್ಯನವರು ನಕ್ಕು ಸುಮ್ಮನಾದರು. ಅದು ಯಾವ ಥರದ ಮೌನ ಎಂದು ನನಗೆ ಇನ್ನೂ ತಿಳಿದಿಲ್ಲ.

ನಡುವೆ ಒಂದೆರಡು ಚಿಕ್ಕ ಪ್ರಯೋಗ ಮಾಡಿದೆ. ನೀವೂ ಮಾಡಿ ನೋಡಬಹುದು, ಖರ್ಚಿಲ್ಲ. ಕೂಟದಲ್ಲಿ ಹದಿನಾಲ್ಕು ಜನರಿಗೆ ಬೈಬಲ್ ಮುಚ್ಚಿಸಿ, ಯೇಸು ಹುಟ್ಟಿದ ಕಥೆಯನ್ನು ನೆನಪಿನಿಂದ ಬರೆಯಿರಿ ಎಂದೆ. ಆಮೇಲೆ ಮತ್ತಾಯ, ಲೂಕ ತೆರೆದು, ಪುಸ್ತಕದಲ್ಲಿ ಇಲ್ಲದ್ದನ್ನೆಲ್ಲ ಹೊಡೆದುಹಾಕಿಸಿದೆ. ಯೇಸುವಿನ ತಾಯಿ ಮರಿಯಳು ಕೂತ ಕತ್ತೆ ಹೋಯಿತು. ಬಾಗಿಲು ಮುಚ್ಚಿದ ಛತ್ರದ ಯಜಮಾನ ಹೋದ. ಕೂಸನ್ನು ನೋಡಲು ಬಂದ ಜ್ಞಾನಿಗಳ ಒಂಟೆಗಳು ಹೋದವು. ಮೂವರು ಜ್ಞಾನಿಗಳಲ್ಲಿ ಮೂರು ಎಂಬ ಸಂಖ್ಯೆ ಹೋಯಿತು, ಮತ್ತಾಯ ಕಾಣಿಕೆಗಳನ್ನು ಹೆಸರಿಸುತ್ತಾನೆಯೇ ಹೊರತು ತಲೆ ಎಣಿಸುವುದಿಲ್ಲ. ಜ್ಞಾನಿಗಳು ಕೊಟ್ಟಿಗೆಗೆ ಬಂದದ್ದೂ ಹೋಯಿತು, ಮತ್ತಾಯ 2:11 ಮನೆ ಎನ್ನುತ್ತದೆ. ಒಬ್ಬರು ಛತ್ರದ ಯಜಮಾನನ ಹೆಂಡತಿ ಬಿಸಿನೀರು ಕಾಯಿಸಿ ಕೊಟ್ಟಳು ಎಂದು ಬರೆದಿದ್ದರು. ಅದನ್ನು ಹೊಡೆಯುವಾಗ ಅವರ ಕಣ್ಣು ತುಂಬಿತು. ನನಗೂ ಮನಸ್ಸಾಗಲಿಲ್ಲ. ಒಟ್ಟು ನಲವತ್ತರ ಹತ್ತಿರ ಸೇರಿಕೆಗಳು. ನಾನೂ ಬರೆದಿದ್ದೆ. ನನ್ನ ಹಾಳೆಯಲ್ಲಿ ಐದು ಸಿಕ್ಕವು, ಯಾರಿಗೂ ತೋರಿಸಲಿಲ್ಲ.

ಎರಡನೆಯದು ಫೋನಿನ ಪ್ರಯೋಗ. ಮನೆಯವಳು ತಂಗಿಯ ಜೊತೆ ಮಾತಾಡುವಾಗ ಇವಳ ಕಡೆಯ ಮಾತು ಮಾತ್ರ ಬರೆದುಕೊಂಡೆ, ಅವಳನ್ನು ಕೇಳಿಯೇ. ಕೂಟದಲ್ಲಿ ಓದಿದೆ: "ಹೂಂ... ಈಗ ಮೂರೇ ಕಾಲಾ? ಅಯ್ಯೋ ಪಾಪ... ಎಷ್ಟು ವರ್ಷ ಆಯ್ತು ಅದಕ್ಕೆ?... ಬೇಡ ಬೇಡ, ಹೊರಗೆ ಹಾಕಬೇಡ, ಅಪ್ಪ ಅಷ್ಟು ಇಷ್ಟಪಟ್ಟು ತಂದದ್ದು." ಏನು ವಿಷಯ ಎಂದು ಕೇಳಿದೆ. ಒಂಬತ್ತು ಜನ ನಾಯಿ ಎಂದರು. ಇಬ್ಬರು ಬೆಕ್ಕು ಎಂದರು. ಒಬ್ಬರು ಆಗಲೇ ಪ್ರಾರ್ಥನೆ ಮಾಡೋಣ ಎಂದರು. ಅದು ಅವರಪ್ಪನ ಕುರ್ಚಿ. ನಗು ನಿಂತ ಮೇಲೆ ಒಂದನೆಯ ಕೊರಿಂಥ 7:1 ತೆಗೆಸಿದೆ. ನೀವು ಬರೆದ ವಿಷಯಗಳ ಬಗ್ಗೆ ಎಂದು ಪೌಲ ಶುರುಮಾಡುತ್ತಾನೆ. ಕೊರಿಂಥದವರು ಬರೆದದ್ದು ನಮ್ಮ ಹತ್ತಿರ ಇಲ್ಲ. 5:9ರಲ್ಲಿ ತಾನು ಮೊದಲು ಬರೆದ ಇನ್ನೊಂದು ಪತ್ರದ ಮಾತೆತ್ತುತ್ತಾನೆ. ಅದೂ ಇಲ್ಲ. ಆಮೇಲೆ 15:29, ಸತ್ತವರಿಗೋಸ್ಕರ ದೀಕ್ಷಾಸ್ನಾನ. ಯಾರೂ ನಾಯಿ ಎನ್ನಲು ಆತುರಪಡಲಿಲ್ಲ.

ನನ್ನ ವಿಧಾನದಿಂದ ಎಲ್ಲದಕ್ಕೂ ಉತ್ತರ ಬರುತ್ತದೆ ಎಂದುಕೊಳ್ಳಬೇಡಿ. ಕೂಸುಗಳಿಗೆ ದೀಕ್ಷಾಸ್ನಾನ ಕೊಡಬಹುದಾ ಎಂಬ ಪ್ರಶ್ನೆಗೆ ಹನ್ನೊಂದು ಪುಟ ತುಂಬಿಸಿದೆ. ಅಪೊಸ್ತಲರ ಕೃತ್ಯ 16ರಲ್ಲಿ ಲುದ್ಯಳ ಮನೆಯವರಿಗೂ ಸೆರೆಮನೆಯ ಅಧಿಕಾರಿಯ ಮನೆಯವರಿಗೂ ದೀಕ್ಷಾಸ್ನಾನವಾಯಿತು. ಆ ಮನೆಗಳಲ್ಲಿ ಕೂಸು ಇತ್ತು ಎಂದೂ ಇಲ್ಲ, ಇರಲಿಲ್ಲ ಎಂದೂ ಇಲ್ಲ. ಎರಡೂ ಕಡೆಯವರು ಒಂದೇ ಖಾಲಿ ತೊಟ್ಟಿಲನ್ನು ತೂಗುತ್ತಿದ್ದಾರೆ. ಎರಡನೇ ಖಾನೆಯಲ್ಲಿ ತೂಕ ಸೊನ್ನೆ, ಆ ಪುಸ್ತಕ ಬರೆದ ಲೂಕನಿಗೆ ಅಲ್ಲಿ ಮನೆಮಂದಿಯ ವಯಸ್ಸು ಹೇಳುವ ಕೆಲಸವೇ ಇರಲಿಲ್ಲ. ಬೇರೆ ವಚನಗಳಿಂದ ವಾದ ಮಾಡಿಕೊಳ್ಳಿ, ಈ ಎರಡು ಮನೆಗಳನ್ನು ಬಿಟ್ಟುಬಿಡಿ ಎಂದೆ. ಎರಡೂ ಕಡೆಯವರಿಗೆ ಸಿಟ್ಟು ಬಂತು. ನನ್ನ ಲೆಕ್ಕ ಸರಿಯಿದೆ ಅನ್ನೋದಕ್ಕೆ ಅದೇ ಸಾಕ್ಷಿ ಎಂದು ನನಗನ್ನಿಸಿತು.

ವಿಧಾನಕ್ಕೆ ನಿಜವಾದ ಪರೀಕ್ಷೆ ಬಂದದ್ದು ಒಂದು ಸಾವಿನ ಮನೆಯಲ್ಲಿ. ನಮ್ಮ ಕೂಟದ ಒಬ್ಬ ತಾಯಿ ತೀರಿಕೊಂಡರು. ನನ್ನನ್ನು ಸುಡಿ, ಹೂಳಬೇಡಿ ಎಂದು ಬರೆದಿಟ್ಟಿದ್ದರು. ದೊಡ್ಡ ಮಗ ಅಮ್ಮನ ಮಾತು ನಡೆಯಲಿ ಎಂದ. ಚಿಕ್ಕವನು, ಕ್ರೈಸ್ತರು ಸುಡಬಾರದು, ಪುನರುತ್ಥಾನದ ದಿನ ಅಮ್ಮ ಎಲ್ಲಿಂದ ಎದ್ದು ಬರುತ್ತಾಳೆ ಎಂದು ಅಳುತ್ತಿದ್ದ. ನಮ್ಮ ಆ ಹಿರಿಯರು ಚಿಕ್ಕವನ ಕಡೆ. ರಾತ್ರಿ ಹತ್ತರ ಸುಮಾರಿಗೆ ದೊಡ್ಡವನು ಫೋನ್ ಮಾಡಿ, "ಅಣ್ಣಾ, ನಿಮ್ಮ ನೋಟ್‌ಬುಕ್ ತಗೊಂಡು ಬನ್ನಿ" ಎಂದ. ನೋಟ್‌ಬುಕ್ ಎಂದು ಅವನೇ ಹೇಳಿದ, ಅದನ್ನು ನೀವು ಗಮನಿಸಬೇಕು.

ಊಟದ ಮೇಜಿನ ಮೇಲೆ ಹೊಸ ಪುಟ ತೆರೆದು ಗೆರೆ ಹಾಕಿದೆ. ಒಳಕೋಣೆಯಲ್ಲಿ ತಾಯಿ ಮಲಗಿದ್ದರು. ಅಕ್ಷರ ಸ್ವಲ್ಪ ಓರೆಯಾಗಿ ಬಂದಿದೆ, ಈಗಲೂ ಆ ಪುಟ ನೋಡಿದರೆ ಗೊತ್ತಾಗುತ್ತದೆ.

ಮೊದಲ ಖಾನೆ. ಸುಡಬೇಡಿ ಎಂಬ ಅಪ್ಪಣೆ ಇದೆಯಾ? ಸಿಕ್ಕಲಿಲ್ಲ. ಹೂಳಿದವರ ಉದಾಹರಣೆ ಬೇಕಾದಷ್ಟು. ಅಬ್ರಹಾಮ 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಹೆಂಡತಿ ಸಾರಳನ್ನು ಹೂಳಲು ಜಾಗ ಕೊಂಡ. ಸುಟ್ಟದ್ದೂ ಇದೆ. ಕಳ್ಳತನ ಮಾಡಿ ಸಿಕ್ಕ ಆಕಾನನನ್ನು ಸುಟ್ಟದ್ದು ದಂಡನೆಯಾಗಿ. ಎದೋಮಿನ ಅರಸನ ಎಲುಬುಗಳನ್ನು ಸುಟ್ಟದ್ದಕ್ಕೆ ಮೋವಾಬಿನ ಮೇಲೆ ಆಮೋಸ 2ರಲ್ಲಿ ತೀರ್ಪು ಬರುತ್ತದೆ. ಹಿರಿಯರು ಇದನ್ನು ಹಿಡಿದುಕೊಂಡರು. ನಾನು ಒಂದನೆಯ ಸಮುವೇಲ 31 ತೆರೆದೆ. ಯುದ್ಧದಲ್ಲಿ ಸತ್ತ ಅರಸ ಸೌಲನ, ಅವನ ಮಕ್ಕಳ ಶವಗಳನ್ನು ಯಾಬೇಷ್ ಗಿಲ್ಯಾದಿನವರು ರಾತ್ರಿಯೆಲ್ಲ ನಡೆದು ಹೋಗಿ ತಂದು, ಸುಟ್ಟು, ಎಲುಬು ಹೂಳಿ ಏಳು ದಿನ ಉಪವಾಸ ಮಾಡಿದರು. ಅದು ದ್ವೇಷದ ಬೆಂಕಿಯಲ್ಲ. ಎರಡನೆಯ ಸಮುವೇಲ 2ರಲ್ಲಿ ದಾವೀದ ಅವರನ್ನು ಹರಸುತ್ತಾನೆ. ಸುಟ್ಟದ್ದಕ್ಕೆ ಒಂದು ಮಾತೂ ಬೈಯುವುದಿಲ್ಲ.

ಮೂರನೆಯದನ್ನು ಬೇಗ ಮುಗಿಸಿದೆ. ಹೂಳಿದರು ಎಂದು ಇದೆ, ಹೂಳಬೇಕು ಎಂದು ಎಲ್ಲರಿಗೂ ಹೇಳಿದ್ದು ಕಾಣಲಿಲ್ಲ. ಯಾಕೋಬನ ದೇಹವನ್ನು ಐಗುಪ್ತದ ವೈದ್ಯರು 40 ದಿನ ಸುಗಂಧದ್ರವ್ಯ ತುಂಬಿ ಸಿದ್ಧಮಾಡಿದರು. ಯಾರ ಅಪ್ಪಣೆ? ಮಗ ಯೋಸೇಫನದು, ಆ ದೇಶದ ವಾಡಿಕೆಯಂತೆ.

ಎರಡನೇ ಖಾನೆಗೆ ಬಂದಾಗ ಮೇಜಿನ ಸುತ್ತ ಸದ್ದಿರಲಿಲ್ಲ. ಒಂದನೆಯ ಕೊರಿಂಥ 15:35ನ್ನು ಚಿಕ್ಕ ಮಗನ ಕೈಯಲ್ಲೇ ಓದಿಸಿದೆ. ಸತ್ತವರು ಹೇಗೆ ಎದ್ದು ಬರುತ್ತಾರೆ, ಎಂಥ ದೇಹದಿಂದ ಬರುತ್ತಾರೆ? ಅವನು ಮಧ್ಯಾಹ್ನದಿಂದ ಕೇಳುತ್ತಿದ್ದ ಪ್ರಶ್ನೆಯೇ. ಹೆಣ ಸುಡುವುದು ಪೌಲ ಓಡಾಡಿದ ರೋಮ್ ಸಾಮ್ರಾಜ್ಯದಲ್ಲಿ ಎಲ್ಲರೂ ಕಂಡದ್ದು. ಸುಟ್ಟವರಿಗೆ ತೊಂದರೆ ಇದ್ದಿದ್ದರೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಇಡೀ ಬೈಬಲ್‌ನಲ್ಲಿ ಇಲ್ಲ. ಅವನು ಬೀಜದ ಮಾತಾಡುತ್ತಾನೆ, ಸೂರ್ಯ ಚಂದ್ರರ ಮಾತಾಡುತ್ತಾನೆ. ಬೂದಿಯ ವಿಷಯ ಎತ್ತುವುದೇ ಇಲ್ಲ. ಈ ಮೌನಕ್ಕೆ ನಾನು ಮೂರು ಹಾಕಿದೆ. ಮೂರು ನಾನು ಸುಲಭಕ್ಕೆ ಹಾಕುವವನಲ್ಲ.

ಆಮೇಲೆ ಸಭೆಯ ಹಳೆಯ ಇತಿಹಾಸಕಾರ ಯೂಸೇಬಿಯ ಬರೆದಿಟ್ಟ ಒಂದು ಸಂಗತಿ ಹೇಳಿದೆ. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್‌ನಲ್ಲಿ ಕ್ರೈಸ್ತರನ್ನು ಕೊಂದವರು, ಇವರು ಹೇಗೆ ಎದ್ದು ಬರುತ್ತಾರೆ ನೋಡೋಣ ಎಂದು ದೇಹಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಗುಡಿಸಿಹಾಕಿದರು. ಬೂದಿಯಾದರೆ ದೇವರ ಕೈಗೆ ಸಿಗುವುದಿಲ್ಲ ಎಂದುಕೊಂಡವರು ಅವರು, ಕ್ರೈಸ್ತರಲ್ಲ. ಚಿಕ್ಕ ಮಗ ತಲೆ ಎತ್ತಿದ್ದು ಆಗಲೇ. ಕಥೋಲಿಕ ಸಭೆ 1886ರಲ್ಲಿ ಸುಡುವುದನ್ನು ನಿಷೇಧಿಸಿ, 1963ರಲ್ಲಿ ಅನುಮತಿ ಕೊಟ್ಟದ್ದನ್ನೂ ಹೇಳಿದೆ, ಆದರೆ ಆ ಹೊತ್ತಿಗೆ ಯಾರಿಗೂ ಇಸವಿಗಳು ಬೇಕಿರಲಿಲ್ಲ. ಅಭ್ಯಾಸ, ಬಾಯಿಗೆ ಬಂದುಬಿಡುತ್ತದೆ.

ನಾಲ್ಕನೇ ಖಾನೆಯಲ್ಲಿ, ಬೇಡ ಎಂದು ತುಂಬಿದರೆ ನಷ್ಟ ಒಳಕೋಣೆಯಲ್ಲಿ ಮಲಗಿದವರಿಗೆ ಎಂದು ಬರೆದೆ. ಉತ್ತರ ಹೇಳುವಾಗ ಇದು ಕರ್ತನ ಅಪ್ಪಣೆಯಲ್ಲ, ನನ್ನ ಅಭಿಪ್ರಾಯ ಎಂದೇ ಶುರುಮಾಡಿದೆ. ಅಮ್ಮನ ಮಾತು ನಡೆಸಬಹುದು, ಹೂಳಬೇಕು ಎನ್ನುವವನ ನಂಬಿಕೆಯೂ ಕಡಿಮೆಯದಲ್ಲ ಎಂದೆ. ಒಂದು ಗಂಟೆಯ ಹೊತ್ತಿಗೆ ಅಣ್ಣತಮ್ಮಂದಿರು ಒಂದು ತೀರ್ಮಾನಕ್ಕೆ ಬಂದರು: ಸುಡುವುದು, ಬೂದಿಯನ್ನು ಅಪ್ಪನ ಸಮಾಧಿಯಲ್ಲಿ ಹೂಳುವುದು. ಯಾಬೇಷಿನವರು ಮಾಡಿದ ಹಾಗೆಯೇ ಎಂದು ಚಿಕ್ಕವನೇ ಹೇಳಿದ. ಇದು ನನಗೆ ಹೊಳೆದಿರಲಿಲ್ಲ.

ಹಿರಿಯರು ಇವತ್ತಿಗೂ ಒಪ್ಪಿಲ್ಲ. ಆದರೆ ಮರುದಿನ ಬಂದು ಒಂದನೆಯ ಕೊರಿಂಥ 15ನ್ನು ಪೂರ್ತಿ ಅವರೇ ಓದಿದರು. ಎರಡು ತಿಂಗಳ ನಂತರ ಒಂದು ಚೀಟಿಯಲ್ಲಿ ಪ್ರಶ್ನೆ ಬರೆದು ನನ್ನ ಕೈಗಿಟ್ಟು, ಸುಮ್ನೆ ಒಮ್ಮೆ ನೋಡು ಎಂದರು. ಪ್ರಶ್ನೆ ಏನು ಎಂದು ಬರೆಯುವುದಿಲ್ಲ, ಅವರ ಮನೆಯ ವಿಷಯ. ಈಗ ಹೆಚ್ಚುಕಡಿಮೆ 140 ಪುಟ ಆಗಿದೆ, ಮೂರನೇ ನೋಟ್‌ಬುಕ್ ನಡೆಯುತ್ತಿದೆ. ಬೇರೆ ಎರಡು ಸಭೆಯವರು ಬಂದು ಗೆರೆ ನಕಲು ಮಾಡಿಕೊಂಡು ಹೋಗಿದ್ದಾರೆ. ನಾಲ್ಕು ಖಾನೆಯದ್ದೇ ಕೊಟ್ಟಿದ್ದೇನೆ.

ಸದ್ಯ ದಶಮಾಂಶದ, ಅಂದರೆ ಆದಾಯದ ಹತ್ತನೇ ಪಾಲನ್ನು ದೇವರಿಗೆ ಕೊಡುವ ವಿಷಯದ ಪುಟ ತೆರೆದಿದೆ. ಹತ್ತರಲ್ಲಿ ಒಂದು ಪಾಲು ಎಂದು ಅಪೊಸ್ತಲರು ಸಭೆಗಳಿಗೆ ಹೇಳಿದ್ದು ಎಲ್ಲೂ ಇಲ್ಲ. ಯೇಸು ಮತ್ತಾಯ 23:23ರಲ್ಲಿ ಅದನ್ನು ಬಿಡಬಾರದು ಎಂದದ್ದು, ಧರ್ಮಶಾಸ್ತ್ರವನ್ನು ಬಿಗಿಯಾಗಿ ಪಾಲಿಸುವ ಯೆಹೂದ್ಯ ಪಂಗಡವಾದ ಫರಿಸಾಯರಿಗೆ. ಎರಡನೆಯ ಕೊರಿಂಥ 8, 9 ಎರಡೂ ಅಧ್ಯಾಯ ಪೂರ್ತಿ ಕೊಡುವ ವಿಷಯವೇ. ಹತ್ತನೇ ಪಾಲು ಎಂದು ಹೇಳಲು ಎಷ್ಟು ಚೆನ್ನಾಗಿತ್ತು ಜಾಗ! ಪೌಲ ಹೇಳುವುದಿಲ್ಲ, ಪ್ರತಿಯೊಬ್ಬನೂ ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಕೊಡಲಿ ಎನ್ನುತ್ತಾನೆ. ಎರಡನೇ ಖಾನೆಗೆ ಮೂರು ಹಾಕಲು ಪೆನ್ನು ಎತ್ತಿದ್ದೆ. ಅಷ್ಟರಲ್ಲಿ ಒಂದನೆಯ ಕೊರಿಂಥ 9:13 ಅಡ್ಡ ಬಂತು. ದೇವಾಲಯದಲ್ಲಿ ಸೇವೆ ಮಾಡುವವರು ದೇವಾಲಯದ ಆದಾಯದಿಂದ ಜೀವಿಸುತ್ತಾರೆ, ಹಾಗೆಯೇ ಸುವಾರ್ತೆ ಸಾರುವವರೂ ಎನ್ನುತ್ತಾನೆ. ಈ ಹೋಲಿಕೆಯಲ್ಲಿ ದಶಮಾಂಶದ ನೆರಳು ಇರಬಹುದು, ಹಾಗಾಗಿ ಎರಡಕ್ಕೆ ನಿಲ್ಲಿಸಿದ್ದೇನೆ. ನಾಲ್ಕನೇ ಖಾನೆಯಲ್ಲಿ, ಹತ್ತನೇ ಪಾಲು ಕಡ್ಡಾಯವಲ್ಲ ಎಂದರೆ ಲಾಭ ಯಾರಿಗೆ ಎಂಬಲ್ಲಿ ನನ್ನ ಹೆಸರನ್ನೇ ಬರೆಯಬೇಕಾಯಿತು. ಆ ಹಣದ ಯೋಜನೆಯಲ್ಲಿ ಕಳೆದುಕೊಂಡ ಮೂರು ತಿಂಗಳ ಸಂಬಳದ ಸಾಲ ಇನ್ನೂ ಸ್ವಲ್ಪ ಬಾಕಿ ಇದೆ. ಅದಕ್ಕೇ ಈ ಪುಟಕ್ಕೆ ನಾನು ಅಂಕ ಹಾಕುವುದು ಸರಿಯಲ್ಲ ಎನಿಸಿ, ಕಳೆದ ಭಾನುವಾರ ಅದನ್ನು ಸಭೆಯ ಖಜಾಂಚಿಯವರಿಗೆ ಕೊಟ್ಟೆ. ಅವರು ಪುಟವನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿ, ಪೆನ್ಸಿಲ್ ಇದೆಯಾ ಎಂದು ಕೇಳಿದರು.